ಮೊದಲು ಕಚ್ಚಾ ತೋರಿಸು

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂದು ಹೇಳಿಟ್ಟವರು ಯಾರೋ ನನಗೆ ಗೊತ್ತಿಲ್ಲ. ಯಾರೇ ಆಗಿರಲಿ, ಅವರು ಮಹಾರಾಷ್ಟ್ರದ ಗಡಿಯಲ್ಲಿರುವ ಗಡಹಿಂಗ್ಲಜದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಮ್ಮ ಸರ್ ಪಕ್ಕದ ಕುರ್ಚಿಯಲ್ಲಿ ಕೂತವರಲ್ಲ. ನಾನು ಕೂತವನು. ಕನ್ನಡ ವಿಭಾಗ ಎಂದರೆ ಅವರು ಮತ್ತು ನಾನು, ಅಷ್ಟೇ. ಅವರು ಮುಖ್ಯಸ್ಥರು, ನಾನು ಉಳಿದವನು.

ಅವರ ಶ್ರದ್ಧಾಂಜಲಿ ಸಭೆ ಇಚಲಕರಂಜಿಯಲ್ಲಿ ನಡೆಯಿತು. ಅವರ ಅಣ್ಣನ ಮನೆತನಕ್ಕೆ ಅಲ್ಲಿ ಪವರ್‌ಲೂಮ್‌ಗಳಿದ್ದವು. ಸಭೆ ನಡೆದ ಹಾಲಿಗೆ ಹತ್ತಿಕೊಂಡೇ ಅವರ ಮಗ್ಗದ ಶೆಡ್ಡು. ಭಾಷಣಗಳ ನಡುವೆ ಮಗ್ಗಗಳು ಖಟಖಟ ಎನ್ನುತ್ತಲೇ ಇದ್ದವು. ಅಣ್ಣನ ಮಕ್ಕಳಿಗೆ ದುಃಖವಿತ್ತು, ಆದರೆ ಒಂದು ತಾಸು ಮಗ್ಗ ನಿಲ್ಲಿಸುವಷ್ಟು ಇರಲಿಲ್ಲ. ವೇದಿಕೆಯ ಮೇಲೆ ಒಬ್ಬರು ಸರ್ ಅವರನ್ನು ದೀಪಸ್ತಂಭ ಎಂದರು. ಇನ್ನೊಬ್ಬರು ವಟವೃಕ್ಷ ಎಂದರು. ಈ ವಟವೃಕ್ಷ ಎಂದವರು, ಸರ್ ಬದುಕಿದ್ದಾಗ ಅವರನ್ನು ದೂರದಿಂದ ಕಂಡರೆ ಸಾಕು, ಓಣಿ ಬದಲಿಸುತ್ತಿದ್ದರು.

ಆಮೇಲೆ ದತ್ತು ಎದ್ದ. ದತ್ತು ನಮ್ಮ ಹಳೆಯ ವಿದ್ಯಾರ್ಥಿ, ಆಜರೆಯವನು. ಈಗ ಶಿಕ್ಷಣ ಖಾತೆಯಲ್ಲಿ ಅಧಿಕಾರಿ, ಶಾಲೆಗಳನ್ನು ತಪಾಸಣೆ ಮಾಡುತ್ತ ಜೀಪಿನಲ್ಲಿ ಅಡ್ಡಾಡುತ್ತಾನೆ. ಮೈಕ್ ಹಿಡಿದು, "ಸರ ನಮಗ ಕಚ್ಚಾ ಬರಿಯೂದು ಕಲಿಸಿದ್ರು. ಇವತ್ತ ನಾ ಏನರ ಆಗೇನಿ ಅಂದ್ರ ಅದೆಲ್ಲಾ ಆ ಕಚ್ಚಾದ ಪುಣ್ಯಾ!" ಎಂದು ಕಣ್ಣೊರೆಸಿಕೊಂಡ. ಸಭೆಯಲ್ಲಿ ಅಲ್ಲಿಯವರೆಗೆ ಯಾರಾದರೂ ನಿಜ ಹೇಳಿದ್ದರೆ ಅದು ದತ್ತು ಒಬ್ಬನೇ. ಅದು ಎಂಥ ನಿಜ ಎಂದು ಅವನಿಗೂ ನನಗೂ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಮಾಳವ್ವನನ್ನು ಕರೆದರು. ಇವಳೂ ಹಳೆಯ ವಿದ್ಯಾರ್ಥಿನಿಯೇ, ಸುಳಕೂಡದ ಕುರುಬರ ಮನೆಯವಳು, ಈಗ ಹೈಸ್ಕೂಲಿನಲ್ಲಿ ಮಾಸ್ತರಿಣಿ. ಅವಳು ಸಾವಕಾಶ ವೇದಿಕೆ ಹತ್ತಿ, ಹಾರ ಹಾಕಿದ ಫೋಟೋವನ್ನು ಒಮ್ಮೆ ನೋಡಿ, "ಸರ ನನ್ನ ಪಾಸ್ ಮಾಡಿದ್ರು" ಎಂದಳು. ಇಳಿದು ಬಂದು ತನ್ನ ಜಾಗದಲ್ಲಿ ಕೂತಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಹಿಂದೆ ಕೂತ ಹೆಣ್ಣುಮಗಳೊಬ್ಬಳು, "ಏನ್ ಸೊಕ್ಕವ್ವಾ ಈಕೀಗಿ, ನಾಕ ಮಾತ ಆಡಬಾರದಿತ್ತ?" ಎಂದಳು.

ಆ ನಾಲ್ಕು ಮಾತನ್ನು ನಾನು ಆಡುತ್ತೇನೆ. ಒಳ್ಳೆಯವೇ ಇರುತ್ತವೆ ಎಂದು ಭರವಸೆ ಕೊಡಲಾರೆ.

ನಮ್ಮ ಸರ್ ಎತ್ತರ ಕಡಿಮೆ, ದನಿ ಮಾತ್ರ ಎತ್ತರ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಅದರ ಕಿಸೆಯಲ್ಲಿ ಒಂದು ಕೆಂಪು ಪೆನ್ನು, ಒಂದು ನೀಲಿ ಪೆನ್ನು. ಒಂದು ಸಲ ಬಿಟ್ಟರೆ, ಇಷ್ಟು ವರ್ಷಗಳಲ್ಲಿ ನೀಲಿ ಪೆನ್ನಿನ ಟೊಪ್ಪಿಗೆ ತೆಗೆದದ್ದನ್ನು ನಾನು ಕಂಡಿದ್ದು ಪಗಾರ ತೆಗೆದುಕೊಳ್ಳಲು ಸಹಿ ಹಾಕುವಾಗ ಮಾತ್ರ. ಜೈನರ ಮನೆತನ, ಹೊತ್ತು ಮುಳುಗುವ ಮುಂಚೆ ಊಟ ಆಗಬೇಕು. ಇದರಿಂದ ನಮಗೆಲ್ಲ ಭಾರಿ ಉಪಕಾರವಾಗಿತ್ತು. ಎಂಥ ದೊಡ್ಡ ಮೀಟಿಂಗೇ ಇರಲಿ, ಕಿಟಕಿಯಲ್ಲಿ ಬಿಸಿಲು ಕೆಂಪಗಾಯಿತೆಂದರೆ ಸರ್ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಚಪ್ಪಲಿ ಹುಡುಕುತ್ತಿದ್ದರು. ಪರಮಾತ್ಮನ ದಯೆ ಸ್ಟಾಫ್ ರೂಮಿಗೆ ಯಾವ ರೂಪದಲ್ಲಿ ಬರುತ್ತದೆ ಹೇಳಲಾಗದು.

ಹುಟ್ಟಿ ಬೆಳೆದದ್ದು ಮಗ್ಗದ ಸದ್ದಿನಲ್ಲಿ. ಅವರ ತಂದೆ ನೇಯ್ದ ಬಟ್ಟೆಯನ್ನು ಬೆಳಕಿಗೆ ಹಿಡಿದು ಎಲ್ಲಿ ಎಳೆ ತಪ್ಪಿದೆ ಎಂದು ನೋಡುತ್ತಿದ್ದರಂತೆ. ಮಗ ಬಟ್ಟೆ ಬಿಟ್ಟು ಕಾಗದ ಹಿಡಿದರು, ಆದರೆ ಚಾಳಿ ಬಿಡಲಿಲ್ಲ. ಯಾವ ಹಾಳೆ ಕೈಗೆ ಬಂದರೂ ಮೊದಲು ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿಯುವುದು, ಆಮೇಲೆ ಓದುವುದು. ಲಗ್ನಪತ್ರಿಕೆಯನ್ನೂ ಬಿಡುತ್ತಿರಲಿಲ್ಲ. ಒಮ್ಮೆ ನಾನು ರಜೆ ಅರ್ಜಿ ಕೊಟ್ಟೆ. ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ, "ಇಲ್ಲಿ ನೀವು ಮೊದಲ 'ನನಗೆ ಜ್ವರ' ಅಂತ ಬರದಿದ್ರಿ. ಆಮ್ಯಾಲೆ ಕೆರದು ಅಳಿಸಿ 'ತಾಯಿಗೆ ಜ್ವರ' ಮಾಡೀರಿ. ಖರೇ ಹೇಳ್ರಿ, ಜ್ವರಾ ಯಾರಿಗಿ ಬಂದೈತಿ?" ಎಂದರು.

"ಇಬ್ಬರಿಗೂ ಬಂದಾವ್ರಿ ಸರ" ಎಂದೆ.

"ಅಂದ್ರ ಇದು ಕಚ್ಚಾ. ಹೋಗ್ರಿ, ಪಕ್ಕಾ ಬರಕೊಂಡ ಬರ್ರಿ."

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೇಸಿಗೆಯಲ್ಲಿ ಸರ್ ಪುಣೆಗೆ ಅಧ್ಯಾಪಕರ ಶಿಬಿರಕ್ಕೆ ಹೋಗಿ ಬಂದರು. ಹೋಗುವಾಗ ಕೈಚೀಲದಲ್ಲಿ ಬದಲಿ ಅಂಗಿ ಇತ್ತು. ಬರುವಾಗ ತಲೆಯಲ್ಲಿ ಒಂದು ಯೋಜನೆ ಇತ್ತು. ಚಿತ್ರ ಬರೆಯುವವರು ತಮ್ಮ ಚಿತ್ರಗಳನ್ನೆಲ್ಲ ಒಂದು ಕಟ್ಟು ಮಾಡಿ ತೋರಿಸುತ್ತಾರಲ್ಲ, ಹಾಗೆ ವಿದ್ಯಾರ್ಥಿಯೂ ವರ್ಷವೆಲ್ಲ ಬರೆದದ್ದನ್ನು ಕಟ್ಟಿಡಬೇಕು. ಆ ಕಟ್ಟನ್ನು ನೋಡಿ ಗುಣ, ಅಂದರೆ ಅಂಕ, ಕೊಡಬೇಕು. ಪರೀಕ್ಷೆ ಬೇಡ. ವಿಶ್ವವಿದ್ಯಾಲಯದಿಂದ ಆಗ ಒಂದು ಸುತ್ತೋಲೆ ಬಂದಿತ್ತು. ಮೊದಲ ವರ್ಷದವರಿಗೆ ಕಾಲೇಜಿನವರೇ ಬೇಕಾದ ರೀತಿ ಗುಣ ಕೊಟ್ಟು ನೋಡಬಹುದು ಎಂದು ಅದರಲ್ಲಿತ್ತು. ಸರ್‌ಗೆ ಅಷ್ಟು ಸಾಕಾಯಿತು.

"ಮೂರ ತಾಸಿನ ಪರೀಕ್ಷಾ ಅಂದ್ರ ಹುಡುಗನ ಒಂದ ಫೋಟೋ ಇದ್ಧಂಗರಿ. ನನಗ ಫೋಟೋ ಬ್ಯಾಡ. ವರ್ಷದುದ್ದಕ್ಕೂ ಅವನ ಮಾರಿ ಕಾಣಬೇಕು" ಎಂದರು ಮೀಟಿಂಗಿನಲ್ಲಿ. ಮಾತು ಚೆನ್ನಾಗಿತ್ತು. ಅವರ ಮಾತೆಲ್ಲ ಚೆನ್ನಾಗಿಯೇ ಇರುತ್ತಿತ್ತು, ತೊಂದರೆ ಶುರುವಾಗುತ್ತಿದ್ದದ್ದು ಅವರು ಅದನ್ನು ಜಾರಿಗೆ ತರುವಾಗ. ನಮ್ಮ ಪ್ರಿನ್ಸಿಪಾಲರು ಮರಾಠಿಯವರು, ಜಾಣರು. "ಕರಾ ಕಾಯ್ ಕರಾಯ್ಚಂ ತೆ, ಪಣ್ ಮಾಝೀ ಸಹೀ ಮಾಗೂ ನಕಾ" ಎಂದರು. ಮಾಡುವುದನ್ನು ಮಾಡಿರಿ, ನನ್ನ ಸಹಿ ಮಾತ್ರ ಕೇಳಬೇಡಿ ಎಂದರ್ಥ. ಇಷ್ಟು ಸ್ಪಷ್ಟವಾದ ಆಡಳಿತವನ್ನು ನಾನು ಮುಂದೆ ಕಾಣಲಿಲ್ಲ.

ಆ ಕಟ್ಟಿಗೆ ಸರ್ ಇಟ್ಟ ಹೆಸರು ದಫ್ತರ. ಹಳೆಯ ಕಚೇರಿಗಳಲ್ಲಿ ಕಾಗದಪತ್ರ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರಲ್ಲ, ಹಾಗೆ ಕಟ್ಟಬೇಕು. ಬಟ್ಟೆ ಅವರೇ ಕೊಡುತ್ತಾರೆ. ಅಣ್ಣನ ಮಗ್ಗದಲ್ಲಿ ಎಳೆ ತಪ್ಪಿ ಮಾರಾಟಕ್ಕೆ ಹೋಗದೆ ಉಳಿದ, ಬಿಳುಪು ಮಾಡದ ಕೋರಾ ಬಟ್ಟೆಯ ಒಂದು ಇಡೀ ಸುರುಳಿ ಬಂತು. ಅದನ್ನು ಚೌಕಚೌಕವಾಗಿ ಹರಿದು ಹುಡುಗರಿಗೆ ಹಂಚಿದರು. ಎಳೆ ತಪ್ಪಿದ ಬಟ್ಟೆ ಯಾಕೆ ಸರ್ ಎಂದು ಕೇಳಿದೆ. "ತಪ್ಪು ಕಾಣಬೇಕ್ರಿ! ತಪ್ಪು ಮುಚ್ಚಿಡೂ ಪದ್ಧತೀನ ನಮ್ಮ ಶಿಕ್ಷಣಾ ಹಾಳ ಮಾಡೈತಿ" ಎಂದರು. ಅಣ್ಣನ ಗೋದಾಮು ಖಾಲಿಯಾಯಿತು, ಶಿಕ್ಷಣ ಸುಧಾರಿಸಿತು. ಒಂದೇ ಕಲ್ಲಿಗೆ ಎರಡು ಹಕ್ಕಿ.

ನಿಯಮಗಳನ್ನು ಕರಿಹಲಗೆಯ ಮೇಲೆ ಬರೆದರು. ಪ್ರತಿಯೊಂದು ಬರಹಕ್ಕೂ ಎರಡು ಕಚ್ಚಾ ಪ್ರತಿ, ಒಂದು ಪಕ್ಕಾ ಪ್ರತಿ ಇರಬೇಕು. ಕಚ್ಚಾದಲ್ಲಿ ಹೊಡೆದು ಹಾಕಿದ್ದು, ತಿದ್ದಿದ್ದು ಕಾಣಬೇಕು. ಅದಕ್ಕೆ ಗುಣ. ಜೂನ್ ತಿಂಗಳ ಬರಹಕ್ಕೂ ಮಾರ್ಚ್ ತಿಂಗಳ ಬರಹಕ್ಕೂ ಎಷ್ಟು ಅಂತರವಿದೆ ನೋಡಿ 'ಬೆಳವಣಿಗೆ' ಎಂದು ಮತ್ತೆ ಗುಣ. ಹುಡುಗರು ಏನನ್ನೇ ತೋರಿಸಲು ಬಂದರೂ ಸರ್ ಬಾಯಿಂದ ಬರುವ ಮೊದಲ ಮಾತು, "ಮೊದಲ ಕಚ್ಚಾ ತೋರಸು."

ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ನಮ್ಮ ಹುಡುಗರು. ಒಂದು ವಾರದಲ್ಲಿ ಲೆಕ್ಕ ಹಿಡಿದರು. ಬೆಳವಣಿಗೆಗೆ ಗುಣ ಇದೆ ಎಂದ ಮೇಲೆ ಮೊದಲು ಕುಳ್ಳಗಿರಬೇಕಲ್ಲ? ಜೂನ್ ತಿಂಗಳಲ್ಲಿ ಇಡೀ ತರಗತಿಗೆ ಒಂದು ವಾಕ್ಯ ನೆಟ್ಟಗೆ ಬರೆಯಲು ಬರದಾಯಿತು. ಹತ್ತನೆಯದರಲ್ಲಿ ತಾಲೂಕಿಗೆ ಮೊದಲು ಬಂದ ಹುಡುಗ 'ನನ್ನ ಊರು' ಎಂದು ಬರೆದು ಊರಿನ ಹೆಸರನ್ನೇ ತಪ್ಪು ಬರೆದ.

ಕಚ್ಚಾ ಪ್ರತಿಯ ವ್ಯವಹಾರವನ್ನು ಹಿಡಿದವನು ದತ್ತು. ಅವನ ಅಪ್ಪನದು ಆಜರೆಯಲ್ಲಿ ಗೋಡಂಬಿ ವ್ಯಾಪಾರ. ಇಡಿ ಬೀಜ ಒಂದು ಕಡೆ, ಅರ್ಧ ಒಂದು ಕಡೆ, ಚೂರು ಒಂದು ಕಡೆ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದವನು. ಕಚ್ಚಾದಲ್ಲೂ ಅವನು ದರ್ಜೆ ಮಾಡಿದ. ಸಾದಾ ಕಚ್ಚಾ ಎಂದರೆ ಬರೀ ಹೊಡೆದು ಹಾಕಿದ್ದು. ಮಧ್ಯಮ ಎಂದರೆ ಅಂಚಿನಲ್ಲಿ ಬಾಣ ಹಾಕಿ ತಿದ್ದಿದ್ದು. ಉತ್ತಮ ಕಚ್ಚಾ ಎಂದರೆ ಚಹಾ ಬಸಿಯ ಗುರುತು, ಒಂದು ಮೂಲೆ ಹರಿದದ್ದು, ನಡುವೆ 'ಛೇ, ಇದು ಸರಿಯಿಲ್ಲ' ಎಂದು ತನಗೆ ತಾನೇ ಬೈದುಕೊಂಡದ್ದು. ಜೂನ್ ತಿಂಗಳದ್ದನ್ನು ಎಡಗೈಯಿಂದ ಬರೆಯುತ್ತಿದ್ದ. ಮಜೂರಿ, ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಒಂದು ಪ್ಲೇಟು ಮಿಸಳ. ಅವನ ಧಂದೆಗೆ ಒಂದೇ ಸೂತ್ರ: "ಮೊದಲ ಪಕ್ಕಾ ಕೊಡ್ರಿ, ಅದರ ಮ್ಯಾಲಿಂದ ಕಚ್ಚಾ ಮಾಡಿ ಕೊಡ್ತೇನಿ."

ಸರ್ ಆ ಹಾಳೆಗಳನ್ನು ಬೆಳಕಿಗೆ ಹಿಡಿದು ಹಿಗ್ಗುತ್ತಿದ್ದರು. "ನೋಡ್ರಿ ಇಲ್ಲಿ, ಹುಡುಗ ಎಷ್ಟ ಒದ್ದಾಡ್ಯಾನ! ನಾಕ ಸರ್ತಿ ತಿದ್ಯಾನ!" ಎಂದು ನನ್ನ ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಸರ್, ಹುಡುಗ ಒದ್ದಾಡಿಲ್ಲ, ಮಿಸಳ ಕೊಡಿಸಿದ್ದಾನೆ ಎಂದು ನಾನು ಹೇಳಿಯೂ ಹೇಳಿದೆ. "ನಿಮಗ ಹುಡುಗೂರ ಮ್ಯಾಲೆ ವಿಶ್ವಾಸ ಇಲ್ಲ" ಎಂದು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಆ ವಾರ ನನಗೆ ಸುಖವಾಗಿತ್ತು.

ನಡುವೆ ಒಮ್ಮೆ ಈ ದಫ್ತರಗಳನ್ನು ಕೊಲ್ಹಾಪುರಕ್ಕೆ ಒಯ್ದು ವಿಶ್ವವಿದ್ಯಾಲಯದ ಸಾಹೇಬರಿಗೆ ತೋರಿಸಬೇಕೆಂದು ಸರ್‌ಗೆ ಅನಿಸಿತು. ಗಂಟುಗಳನ್ನೆಲ್ಲ ಎಸ್.ಟಿ. ಬಸ್ಸಿನ ಮೇಲೆ ಏರಿಸಿ ನನ್ನನ್ನೂ ಕರೆದುಕೊಂಡು ಹೊರಟರು. ಕೊಲ್ಹಾಪುರದ ಜಕಾತ್ ನಾಕಾದಲ್ಲಿ ಬಸ್ಸು ನಿಂತಿತು. ಊರೊಳಗೆ ಬರುವ ಮಾಲಿಗೆ ತೆರಿಗೆ ವಸೂಲು ಮಾಡುವ ಕಟ್ಟೆ ಅದು. ಅಲ್ಲಿಯ ಕಾರಕೂನ ಮೇಲೆ ಹತ್ತಿ ನೋಡಿದ: ಕೋರಾ ಬಟ್ಟೆಯ ಗಂಟುಗಳು, ಮಾಲೀಕ ಇಚಲಕರಂಜಿಯವನು. ಇನ್ನೇನು ಬೇಕು? ಎಲ್ಲ ಕೆಳಗಿಳಿಸಿದ.

ಇದು ಬಟ್ಟೆಯಲ್ಲ, ವಿದ್ಯಾರ್ಥಿಗಳ ಬೌದ್ಧಿಕ ಬೆಳವಣಿಗೆ ಎಂದು ಸರ್ ಮರಾಠಿಯಲ್ಲಿ ವಾದ ಮಾಡಿದರು. ಕಾರಕೂನ ಒಂದು ಗಂಟು ಬಿಚ್ಚಿ, ದತ್ತುವಿನ ಒಂದು ಉತ್ತಮ ಕಚ್ಚಾವನ್ನು ತಿರುಗಿಸಿ ಮುರುಗಿಸಿ ನೋಡಿ, "ಕಾಗದಾವರ ಜಕಾತ್ ನಾಹೀ, ಕಾಪಡಾವರ ಆಹೇ" ಎಂದ. ಕಾಗದಕ್ಕೆ ಜಕಾತಿ ಇಲ್ಲ, ಬಟ್ಟೆಗಿದೆ. ಸರ್ ಬಟ್ಟೆಗೆ ಜಕಾತಿ ಕೊಟ್ಟರು. ಇಡೀ ವರ್ಷದಲ್ಲಿ ಆ ದಫ್ತರಗಳ ಸರಿಯಾದ ಮೌಲ್ಯಮಾಪನ ನಡೆದದ್ದು ಅಲ್ಲಿಯೇ ಎಂದು ನನ್ನ ಅಭಿಪ್ರಾಯ. ವಿಶ್ವವಿದ್ಯಾಲಯದ ಸಾಹೇಬರು ಊಟಕ್ಕೆ ಹೋಗಿದ್ದವರು ನಾವು ಇರುವವರೆಗೂ ವಾಪಸು ಬರಲಿಲ್ಲ.

ಇಷ್ಟು ಬರೆಸುವ ಮನುಷ್ಯ ತಾನೇನು ಬರೆದಿದ್ದ ಎಂದು ನೀವು ಕೇಳಬಹುದು. ಸರ್ ಒಂದು ಪುಸ್ತಕ ಬರೆಯುತ್ತಿದ್ದರು. ಪ್ರಬಂಧ ಬರೆಯುವುದು ಹೇಗೆ ಎಂಬುದರ ಮೇಲೆ ದೊಡ್ಡ ಪುಸ್ತಕ. ನಾನು ಕೆಲಸಕ್ಕೆ ಸೇರುವ ಮೊದಲೇ ಶುರುವಾಗಿತ್ತಂತೆ. ಅದರ ಮೊದಲ ವಾಕ್ಯ ನಮಗೆಲ್ಲ ಬಾಯಿಪಾಠ, ಯಾಕೆಂದರೆ ಅದನ್ನು ಅವರು ಎಲ್ಲರಿಗೂ ಓದಿ ಹೇಳುತ್ತಿದ್ದರು. ನಮಗೆ, ತರಗತಿಗೆ, ಬಿಲ್ಲು ತರುವ ಪೋಸ್ಟಿನವನಿಗೆ. ಪ್ರತಿ ವರ್ಷ ಅದರಲ್ಲಿ ಒಂದೆರಡು ಶಬ್ದ ಬದಲಾಗುತ್ತಿದ್ದವು. ಎರಡನೆಯ ವಾಕ್ಯವನ್ನು ಯಾರೂ ಕೇಳಿರಲಿಲ್ಲ. ಊರಿಗೆಲ್ಲ ಉಪದೇಶ ಮಾಡಿ ತಾನು ಬದನೆಕಾಯಿ ತಿಂದವರ ಕಥೆ ಇದೆಯಲ್ಲ, ನಮ್ಮ ಸರ್ ಆ ಬದನೆಕಾಯಿಯನ್ನೂ ತಿನ್ನಲಿಲ್ಲ.

ಇಂಥವರ ಕೈಗೆ ಮಾಳವ್ವ ಸಿಕ್ಕಳು.

ಗಡಹಿಂಗ್ಲಜದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಬರುತ್ತಿದ್ದಳು. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ, ಅದೂ ಒಂದು ಕರಾರಿನ ಮೇಲೆ. ಅಪ್ಪ ಗಂಡು ನೋಡಿ ಇಟ್ಟಿದ್ದ. ಪಾಸಾದರೆ ಕಲಿಯಬೇಕು, ನಾಪಾಸಾದರೆ ಅದೇ ಬೇಸಿಗೆಯಲ್ಲಿ ಅಕ್ಷತೆ. ಇದು ತರಗತಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು, ಸರ್‌ಗೂ ಗೊತ್ತಿತ್ತು.

ಅವಳ ದಫ್ತರ ತೆಳ್ಳಗಿತ್ತು. ಬಿಚ್ಚಿದರೆ ಬರೀ ಪಕ್ಕಾ ಹಾಳೆಗಳು. ಒಂದು ಗೀಟು ಇಲ್ಲ, ತಿದ್ದಿದ್ದಿಲ್ಲ. ನಾನು ಓದಿದೆ. ಮಳೆಯಲ್ಲಿ ನೆನೆದ ಕಂಬಳಿ ಹೊತ್ತು ಕುರಿಗಳ ಹಿಂದೆ ನಡೆಯುವಾಗ, ಕಂಬಳಿಯ ಭಾರ ಹೆಚ್ಚೋ ಕಂಕುಳಲ್ಲಿರುವ ತಮ್ಮನ ಭಾರ ಹೆಚ್ಚೋ ಎಂದು ಅವಳ ಅವ್ವ ದಾರಿಯುದ್ದಕ್ಕೂ ಯೋಚಿಸುತ್ತಿದ್ದಳು ಎಂದು ಒಂದು ಕಡೆ ಬರೆದಿದ್ದಳು. ಅದು ಜೂನ್ ತಿಂಗಳ ಬರಹ. ಮಾರ್ಚ್ ತಿಂಗಳದ್ದೂ ಅಷ್ಟೇ ಚೆನ್ನಾಗಿತ್ತು. ನನಗೆ ಖುಷಿಯಾಯಿತು, ಕೂಡಲೇ ಕರಿಹಲಗೆಯ ಮೇಲಿನ ಲೆಕ್ಕ ನೆನಪಾಯಿತು. ಜೂನ್‌ನಲ್ಲೂ ಚೆನ್ನಾಗಿದೆ, ಮಾರ್ಚ್‌ನಲ್ಲೂ ಚೆನ್ನಾಗಿದೆ ಎಂದರೆ ಬೆಳವಣಿಗೆ ಸೊನ್ನೆ. ಕಚ್ಚಾ ಸೊನ್ನೆ. ಸರ್ ಅವರ ನಿಯಮದಂತೆ ಇಡೀ ತರಗತಿಯಲ್ಲಿ ನಾಪಾಸಾಗುವವಳು ಇವಳೊಬ್ಬಳೇ.

ಸರ್ ಅವಳನ್ನು ಕರೆಸಿದರು. ಹಾಳೆಯನ್ನು ಬೆಳಕಿಗೆ ಹಿಡಿದರು, ತಿರುವಿ ಹಿಡಿದರು. ಏನೂ ಸಿಗಲಿಲ್ಲ.

"ಕಚ್ಚಾ ಎಲ್ಲಿ?"

"ಇಲ್ರಿ ಸರ."

"ಕಚ್ಚಾ ಇಲ್ಲದ ಪಕ್ಕಾ ಹೆಂಗ ಆತು? ಎಲ್ಲಿಂದ ನೋಡಿ ಬರದಿ?"

"ಎಲ್ಲಿಂದೂ ಇಲ್ರಿ. ಕುರಿ ಹಿಂದ ಅಡ್ಡಾಡುವಾಗ ಹಾಳಿ ಎಲ್ಲಿ ಸಿಗತೈತ್ರಿ? ಮನಸಿನ್ಯಾಗ ಬರೀತಿದ್ನಿ. ಸರಿಬರದ್ದು ಅಲ್ಲೇ ದಾರ್‍ಯಾಗ ಬಿಟ್ಟ ಬರತಿದ್ನಿ. ಅದ ರೂಢಿ ಆಗೇತ್ರಿ."

"ದಾರ್‍ಯಾಗ ಬಿಟ್ಟದ್ದಕ್ಕ ನಾ ಹೆಂಗ ಗುಣಾ ಕೊಡ್ಲಿ?" ಎಂದು ಸರ್ ಗುಡುಗಿದರು. ಮೂರು ದಿನದೊಳಗೆ ಕಚ್ಚಾ ತರಬೇಕು, ಇಲ್ಲದಿದ್ದರೆ ನಕಲು ಎಂದು ಬರೆಯುತ್ತೇನೆ ಎಂದರು.

ದತ್ತು ಅವಳ ಹತ್ತಿರ ಹೋಗಿ, ಮಿಸಳ ಬೇಡ, ಧರ್ಮಕ್ಕೆ ಮಾಡಿಕೊಡುತ್ತೇನೆ, ಉತ್ತಮ ಕಚ್ಚಾನೇ ಕೊಡುತ್ತೇನೆ ಎಂದನಂತೆ. ಅವನಿಗೂ ಪಾಪ ಅನಿಸಿತ್ತು. ಅವಳು ಒಪ್ಪಲಿಲ್ಲ. "ನಾ ಮಾಡದ ತಪ್ಪ ನಾ ಹೆಂಗ ಬರೀಲೋ?" ಎಂದಳಂತೆ. ದತ್ತು ಇದನ್ನು ನನಗೆ ಬಂದು ಹೇಳುವಾಗ ಅವನ ಮುಖ ನೋಡುವಂತಿತ್ತು. ತನ್ನ ವ್ಯಾಪಾರದಲ್ಲಿ ಇಂಥ ಗಿರಾಕಿಯನ್ನು ಅವನು ಕಂಡಿರಲಿಲ್ಲ.

ನಾನು ಸರ್ ಜೊತೆ ಜಗಳಾಡಿದೆ. ಸುಳ್ಳು ಕಚ್ಚಾ ತಂದವರೆಲ್ಲ ಪಾಸು, ನಿಜ ಹೇಳಿದವಳು ನಾಪಾಸು, ಇದೆಂಥ ನ್ಯಾಯ ಎಂದೆ. ಕೊನೆಗೆ ಅವರು ಒಂದು ಮಾತಿಗೆ ಬಂದರು. "ಆತು. ನನ್ನ ಕಣ್ಣ ಮುಂದ ಕುಂತು ಬರೀಲಿ. ಕಚ್ಚಾ ಹೆಂಗ ಬರಂಗಿಲ್ಲ ನಾನೂ ನೋಡ್ತೇನಿ."

ಅವಳು ಬರೆಯಬೇಕಾದ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಮಾಳವ್ವನ ಅಪ್ಪ ಬಂದು ಕೂತಿದ್ದ. ಸುತ್ತಲಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಂಡು ಗಡಹಿಂಗ್ಲಜದ ಬದಿಗೇ ಬಂದಿದ್ದನಂತೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ನನ್ನನ್ನು ನೋಡಿ ಎದ್ದು ನಿಂತು, "ಸಾಹೇಬ್ರ, ಬೀಗರು ಮುಹೂರ್ತ ಕೇಳಾಕತ್ತಾರ್ರಿ. ಪಾಸೋ ನಾಪಾಸೋ ಇವತ್ತ ಹೇಳಿಬಿಡ್ರಿ" ಎಂದ. ಅವನಿಗೆ ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ. ಕರಾರಿನ ಪ್ರಕಾರ ಕೇಳಲು ಬಂದಿದ್ದ.

ಸರ್ ಮಾಳವ್ವನಿಗೆ ಒಂದು ಹಾಳೆ ಕೊಟ್ಟು ವಿಷಯ ಹೇಳಿದರು: 'ನನಗೆ ಗೊತ್ತಿರುವ ಒಬ್ಬ ವ್ಯಕ್ತಿ'. ಅವಳು ಪೆನ್ನು ಹಿಡಿಯಲಿಲ್ಲ. ಕೈ ಕಟ್ಟಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು. ಬಹಳ ಹೊತ್ತು ಹಾಗೆಯೇ ಕೂತಳು. ಸರ್ ನನ್ನ ಕಡೆ ನೋಡಿ, "ನೋಡ್ರಿ, ನೋಡ್ರಿ ನಿಮ್ಮ ಹುಡುಗೀನ" ಎಂದು ಹುಬ್ಬು ಹಾರಿಸಿದರು. ನನಗೆ ಅಳು ಬರುವುದೊಂದು ಬಾಕಿ. ಜವಾನ ಚಹಾ ತಂದಿಟ್ಟು ಹೋದ. ಚಹಾ ಆರುವ ಹೊತ್ತಿಗೆ ಅವಳು ಪೆನ್ನು ತೆಗೆದುಕೊಂಡಳು. ಒಮ್ಮೆ ಶುರು ಮಾಡಿದವಳು ಎಲ್ಲೂ ನಿಲ್ಲಲಿಲ್ಲ. ಬರೆದು ಮುಗಿಸಿ, ಹಾಳೆಯನ್ನು ಎರಡೂ ಕೈಯಿಂದ ಸರ್ ಮುಂದಿಟ್ಟು ನಿಂತಳು.

ಸರ್ ಹಾಳೆಯನ್ನು ಕಿಟಕಿಗೆ ಒಯ್ದು ಬೆಳಕಿಗೆ ಹಿಡಿದರು. ಒಂದು ಗೀಟಿಲ್ಲ. ಆಮೇಲೆ ಓದಲು ಶುರು ಮಾಡಿದರು. ಓದುತ್ತ ಓದುತ್ತ ಹಾಳೆ ಬೆಳಕಿನಿಂದ ಕೆಳಗಿಳಿದು ಅವರ ಎದೆಯ ಹತ್ತಿರ ಬಂತು.

ಅದನ್ನು ನಾನು ಆಮೇಲೆ ಓದಿದೆ. ಅವಳು ಬರೆದದ್ದು ಸರ್ ಬಗ್ಗೆಯೇ. ಅದರ ಕೊನೆಯ ಭಾಗ ಈಗಲೂ ನೆನಪಿದೆ. 'ನಮ್ಮ ಸರ್ ಪ್ರತಿಯೊಂದು ಹಾಳೆಯನ್ನೂ ಬೆಳಕಿಗೆ ಹಿಡಿಯುತ್ತಾರೆ. ಹೊಡೆದು ಹಾಕಿದ ಶಬ್ದ ಕಂಡರೆ ಅವರ ಮುಖ ಅರಳುತ್ತದೆ, ತಪ್ಪಿಸಿಕೊಂಡ ಮರಿ ಸಿಕ್ಕವರ ಹಾಗೆ. ತಪ್ಪಿಲ್ಲದ ಹಾಳೆ ಕಂಡರೆ ಅವರಿಗೆ ಸಿಟ್ಟು ಬರುತ್ತದೆ ಎಂದು ಹುಡುಗರು ಅನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ತಮ್ಮ ಪುಸ್ತಕದ ಮೊದಲ ವಾಕ್ಯವನ್ನು ಓದಿ ಹೇಳುವಾಗ ನಾನು ಅವರ ಕೈಯನ್ನು ನೋಡಿದ್ದೇನೆ. ಸರ್ ಅವರಿಗೆ ಬರೆಯುವುದೆಂದರೆ ಅಂಜಿಕೆ.'

ಸರ್ ಬಂದು ಕುರ್ಚಿಯಲ್ಲಿ ಕೂತರು. ಮುಖ ಕೆಂಪಾಗಿತ್ತು. ಮುಗಿಯಿತು, ಹುಡುಗಿಯ ಅಕ್ಷತೆ ಗಟ್ಟಿ ಎಂದುಕೊಂಡೆ. ಕಿಸೆಯಿಂದ ಕೆಂಪು ಪೆನ್ನು ತೆಗೆದು 'ಅಂಜಿಕೆ' ಎಂಬ ಶಬ್ದವನ್ನು ಹೊಡೆದು ಹಾಕಿದರು. ಅದರ ಮೇಲೆ 'ಗೌರವ' ಎಂದು ಬರೆದರು. ನೋಡಿದರು. ಅದನ್ನೂ ಹೊಡೆದರು. 'ಶಿಸ್ತು' ಎಂದು ಬರೆದರು. ಮತ್ತೆ ಮೊದಲಿನಿಂದ ಓದಿಕೊಂಡು ಬಂದರು, ತುಟಿ ಅಲ್ಲಾಡುತ್ತಿತ್ತು. ಅದನ್ನೂ ಹೊಡೆದರು. ಬಾಗಿಲ ಹೊರಗೆ ಮಾಳವ್ವನ ಅಪ್ಪ ಕೆಮ್ಮಿದ. ಸರ್ ಕೆಂಪು ಪೆನ್ನನ್ನು ಕಿಸೆಗೆ ಹಾಕಿ, ನೀಲಿ ಪೆನ್ನನ್ನು ಹೊರಗೆ ತೆಗೆದರು. ಅಂಚಿನಲ್ಲಿ ಉಳಿದ ಜಾಗದಲ್ಲಿ, ಸಾವಕಾಶವಾಗಿ, ದುಂಡಗೆ, 'ಅಂಜಿಕೆ' ಎಂದು ಬರೆದರು.

ಹಾಳೆಯನ್ನು ನನ್ನ ಕಡೆ ನೂಕಿ, "ಕಚ್ಚಾ ಐತಿ ನೋಡ್ರಿ ಇದರಾಗ. ದಫ್ತರಕ್ಕ ಸೇರಸ್ರಿ. ಪಾಸ್ ಮಾಡೇನಿ" ಎಂದರು. ದನಿ ಎಂದಿನ ಎತ್ತರದಲ್ಲಿರಲಿಲ್ಲ. ಮಾಳವ್ವನ ಕಡೆ ನೋಡದೆಯೇ ಎದ್ದು ಚಪ್ಪಲಿ ಹುಡುಕಿದರು. ಬಿಸಿಲು ಇನ್ನೂ ಕೆಂಪಗಾಗಿರಲಿಲ್ಲ.

ಬಾಗಿಲಲ್ಲಿ ಅವಳ ಅಪ್ಪ ಅಡ್ಡ ಬಂದ. "ಏನಾತ್ರಿ ಸಾಹೇಬ್ರ?"

"ಪಾಸ್ ಆಗ್ಯಾಳ."

"ತಪ್ಪ ಗಿಪ್ಪ ಏನೂ ಇದ್ದಿಲ್ಲೇನ್ರಿ?"

ಸರ್ ಚಪ್ಪಲಿ ಮೆಟ್ಟಿಕೊಂಡರು. "ಒಂದ ಶಬ್ದ ತಿದ್ದಿದ್ನಿ. ತಿದ್ದಿದ್ದ ತಪ್ಪಾತು" ಎಂದರು.

"ಅದೆಲ್ಲಾ ನಮಗ ತಿಳ್ಯಾಂಗಿಲ್ರಿ. ಹಂಗಾರ ಬೀಗರಿಗೆ ಇಲ್ಲಂತ ಹೇಳಿ ಕಳಸ್ತೀನ್ರಿ" ಎಂದು ಅವನು ಕಂಬಳಿ ಕೊಡವಿಕೊಂಡು ಕುರಿಗಳ ಕಡೆ ಹೋದ.

ಮರುವರ್ಷ ದಫ್ತರದ ಯೋಜನೆ ನಿಂತಿತು. ಮೂರು ತಾಸಿನ ಪರೀಕ್ಷೆ ವಾಪಸು ಬಂತು, ಪ್ರಿನ್ಸಿಪಾಲರು ಸಂತೋಷದಿಂದ ಸಹಿ ಹಾಕಿದರು. ಉಳಿದ ಕೋರಾ ಬಟ್ಟೆಯಲ್ಲಿ ಜವಾನರು ಬೆಂಚು ಒರೆಸಿದರು. ಸರ್ ಮಾತ್ರ ಆ ದಿನದ ನಂತರ ಪುಸ್ತಕದ ಮೊದಲ ವಾಕ್ಯವನ್ನು ಯಾರಿಗೂ ಓದಿ ಹೇಳಲಿಲ್ಲ. ಎಂಬತ್ತರ ದಶಕದಲ್ಲಿ ನಿವೃತ್ತರಾಗಿ ಇಚಲಕರಂಜಿಗೆ ಹೋದರು. ಪುಸ್ತಕ ಬರಲಿಲ್ಲ. ನನಗೆ ಆ ಮನುಷ್ಯನ ಮೇಲೆ ಸಿಟ್ಟಿತ್ತು, ಈಗ ಹುಡುಕಿದರೂ ಸ್ವಲ್ಪ ಸಿಕ್ಕೀತು. ಮೂವತ್ತು ಜನ ಹುಡುಗರಿಗೆ ಸುಳ್ಳು ಹೇಳುವುದನ್ನು ಶಾಸ್ತ್ರೋಕ್ತವಾಗಿ ಕಲಿಸಿದವರು ಅವರು. ಆದರೆ ತನ್ನ ಬಗ್ಗೆ ಬರೆದ ಮಾತನ್ನು ಅಳಿಸುವ ಅಧಿಕಾರ ಕೈಯಲ್ಲಿದ್ದೂ, ಅದನ್ನು ತನ್ನ ಕೈಯಿಂದಲೇ ಮತ್ತೆ ಬರೆದಿಟ್ಟ ಇನ್ನೊಬ್ಬ ಮಾಸ್ತರನನ್ನು ನಾನು ನೋಡಿಲ್ಲ. ನನ್ನಿಂದ ಅದು ಆಗುತ್ತಿರಲಿಲ್ಲ.

ಸಭೆ ಮುಗಿದು ಎಲ್ಲರೂ ಹೊರಗೆ ಬಂದೆವು. ಶೆಡ್ಡಿನಲ್ಲಿ ಮಗ್ಗಗಳು ನಡೆದೇ ಇದ್ದವು. ದತ್ತು ಜೀಪು ಹತ್ತಿ ಹೋದ. ಮಾಳವ್ವ ಬಸ್ಸಿಗೆ ಹೊರಟಿದ್ದಳು. ನಾನು ಅವಳ ಜೊತೆ ನಾಲ್ಕು ಹೆಜ್ಜೆ ಹಾಕಿ, "ಅಲ್ಲವ್ವಾ, ಅಷ್ಟ ಜನಾ ಕೂಡಿದ್ರು. ಇನ್ನಷ್ಟ ಮಾತಾಡಬಾರದಿತ್ತೇನ?" ಎಂದೆ.

ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು:

"ಬರುವಾಗ ಬಸ್ಸಿನ್ಯಾಗ ದಾರಿತುಂಬ ಬರಕೋತ ಬಂದ್ನಿರಿ ಸರ. ಉಳದದ್ದೆಲ್ಲಾ ಹೊಡದ ಹಾಕಿದ್ನಿ. ಪಕ್ಕಾ ಅಷ್ಟ ಉಳೀತು."